ಜೊತೆಗೆ ನಿಂತ ಅರಿಸಿನ

ಕನ್ನಡದಲ್ಲಿ ಪ್ರೀತಿಯ ಮನೆ ಕರುಳು. ಮಗು ಬಿದ್ದರೆ ತಾಯಿಯ ಕರುಳು ಚುರ್ ಎನ್ನುತ್ತದೆ, ನಂಟು ಎಂದರೆ ಕರುಳುಬಳ್ಳಿ. ಅಕ್ಕನ ಮಗನಿಗೆ ಆ ಕರುಳಿಗೇ ಬೇನೆ: ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಪದರ ಕೆಂಪಾಗಿ, ಹುಣ್ಣಾಗಿ ರಕ್ತ ಹೋಗುತ್ತದೆ. ಮೈ ಕಾಯಬೇಕಾದ ಪಡೆಯೇ ಮೈಮೇಲೆ ತಿರುಗಿಬಿದ್ದ ಸ್ಥಿತಿ.

ಕೊಂಚ ಗುಣ ಕಂಡಿತೆಂದು ಅವನು ಮೆಸಲಮೈನ್ ಮಾತ್ರೆ ಬಿಟ್ಟು ಅರಿಸಿನದ ಹಾಲನ್ನೇ ನಂಬಿದ. ಎರಡು ತಿಂಗಳಿಗೆ ಮತ್ತೆ ರಕ್ತ. "ಅರಿಸಿನಾನೂ ಕೈಕೊಡ್ತಲ್ಲೋ" ಎಂದಳು ಅಕ್ಕ. ಆ ಮಾತು ನನ್ನನ್ನು ಬಿಟ್ಟಿಲ್ಲ. ನಾವು ಅರಿಸಿನದಿಂದ ಕೇಳಿದ್ದಾದರೂ ಏನನ್ನು?

ಅರಿಸಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಈ ಕಾಯಿಲೆಯಲ್ಲಿ ಕೆಲಸ ಮಾಡಿದ್ದುಂಟು. 2006ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗದಲ್ಲಿ ದಿನಕ್ಕೆ 2 ಗ್ರಾಂನಂತೆ ಆರು ತಿಂಗಳು ಅದನ್ನು ಪಡೆದ 43 ಮಂದಿಯಲ್ಲಿ ಇಬ್ಬರಿಗೆ ರೋಗ ಮರುಕಳಿಸಿತು. ಹುಸಿಮಾತ್ರೆ ಪಡೆದ 39 ಮಂದಿಯಲ್ಲಿ ಎಂಟು ಜನಕ್ಕೆ. 2015ರ ಇನ್ನೊಂದರಲ್ಲಿ ದಿನಕ್ಕೆ 3 ಗ್ರಾಂ ಪಡೆದ 26 ಮಂದಿಯಲ್ಲಿ 14 ಜನಕ್ಕೆ ಒಂದೇ ತಿಂಗಳಲ್ಲಿ ರೋಗ ಶಮನವಾಯಿತು. ಹುಸಿಮಾತ್ರೆ ಪಡೆದ 24 ಜನರಲ್ಲಿ ಒಬ್ಬರಿಗೂ ಇಲ್ಲ. ಆದರೆ ಎರಡೂ ಕಡೆ ರೋಗಿಗಳು ತಮ್ಮ ಎಂದಿನ ಮಾತ್ರೆಯನ್ನು ಬಿಟ್ಟಿರಲಿಲ್ಲ. ಕರ್ಕ್ಯುಮಿನ್ ಗೆದ್ದದ್ದು ಮಾತ್ರೆಯ ಜೊತೆಗೆ ನಿಂತು. ಅಕ್ಕನ ಮಗ ಒಡೆದದ್ದು ಆ ಜೋಡಿಯನ್ನೇ.

ಮಾತ್ರೆಯಾದರೂ ಹೊರಗಿನದೇ? ವಿಲ್ಲೋ ಮರದ ತೊಗಟೆಯ ಜಾಡು ಹಿಡಿದು ಬಂದ ಸ್ಯಾಲಿಸಿಲೇಟುಗಳ ಸಂತತಿ ಅದು. ಸ್ವೀಡನ್ನಿನ ವೈದ್ಯೆ ನಾನ್ನಾ ಸ್ವಾರ್ಟ್ಸ್ ಕೀಲುನೋವಿಗೆಂದು ಸ್ಯಾಲಿಸಿಲೇಟನ್ನು ಸಲ್ಫಾ ಔಷಧಕ್ಕೆ ಬೆಸೆಯಿಸಿದ್ದರು. ಆ ಜೋಡಿಯಲ್ಲಿ ಕರುಳಿಗೆ ಒದಗುವುದು ಸ್ಯಾಲಿಸಿಲೇಟಿನ ಭಾಗವೇ, ಅಂದರೆ ಈ ಮೆಸಲಮೈನೇ ಎಂದು 1977ರಲ್ಲಿ ಆಕ್ಸ್‌ಫರ್ಡಿನಲ್ಲಿ ತೋರಿಸಿದವರು ಆಜಾದ್ ಖಾನ್ ಮತ್ತು ಸಂಗಡಿಗರು. ಮನೆಮದ್ದು, ಇಂಗ್ಲಿಷ್ ಮದ್ದು ಎಂದು ನಾವು ಎಳೆದ ಗೆರೆ ಗಿಡಮರಗಳಿಗೆ ಗೊತ್ತಿಲ್ಲ.

ನನ್ನನ್ನು ಹೆಚ್ಚು ತಡೆದು ನಿಲ್ಲಿಸುವುದು ಇನ್ನೊಂದು ಸಂಗತಿ. ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಇಲ್ಲ ಎನ್ನುವಷ್ಟು ಕಡಿಮೆ. ಮೆಣಸಿನ ಪೈಪರಿನ್ ಜೊತೆಗಿದ್ದರೆ ಇಪ್ಪತ್ತು ಪಟ್ಟು ಹೆಚ್ಚು ಸೇರುತ್ತದೆಂದು 1998ರಲ್ಲಿ ತೋರಿಸಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು. ಮೈಗೆ ಹತ್ತದ್ದು ವ್ಯರ್ಥ ಎಂಬ ಲೆಕ್ಕದಲ್ಲಿ ಇದು ಅರಿಸಿನದ ಕೊರತೆ. ಆದರೆ ಗಾಯ ಇರುವುದೇ ಕರುಳಿನ ಗೋಡೆಯಲ್ಲಿ. ರಕ್ತಕ್ಕೆ ಹೋಗದೆ ಉಳಿದದ್ದು ಆ ಗೋಡೆಯನ್ನು ಸವರಿಕೊಂಡೇ ಸಾಗುತ್ತದೆ. ಮೆಸಲಮೈನ್ ಕೂಡ ರಕ್ತದ ಮೂಲಕ ಅಲ್ಲ, ಅಲ್ಲೇ ತಾಗಿ ಕೆಲಸ ಮಾಡುವಂಥದ್ದು. ಕೊರತೆ ಎಂದುಕೊಂಡದ್ದು ಇಲ್ಲಿ ಗುಣವಾಗುತ್ತದೆ. ಒಂದು ವಸ್ತುವಿನ ಬೆಲೆ ಕಟ್ಟುವ ಮುನ್ನ ಅದು ಎಲ್ಲಿ ನಿಂತಿದೆ ಎಂದು ನೋಡಬೇಕಲ್ಲವೇ ಎಂದು ಆಗಾಗ ಅನ್ನಿಸುತ್ತದೆ.

ಗಿಡದ್ದೆಂದ ಮಾತ್ರಕ್ಕೆ ನಿರಪಾಯವಲ್ಲ. ನೀಲಿಯಂಥ ಗಿಡಗಳ ಎಲೆಯಿಂದ ತೆಗೆಯುವ ಚೀನೀ ಮದ್ದು ಚಿಂಗ್ ದಾಯ್ ಇದೇ ರೋಗದಲ್ಲಿ ಚೆನ್ನಾಗಿಯೇ ಫಲ ಕೊಟ್ಟಿತು. ಆದರೆ ಅದನ್ನು ತಾನೇ ಕೊಂಡು ತಿಂದ ರೋಗಿಯೊಬ್ಬರಿಗೆ ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಏರಿದ ಸುದ್ದಿ ಬಂದು ಆ ಮದ್ದಿನ ಮೇಲಿನ ಜಪಾನಿನ ಪ್ರಯೋಗವೊಂದನ್ನು ನಡುವೆಯೇ ನಿಲ್ಲಿಸಬೇಕಾಯಿತು. ಅಳತೆ ಕಡಿಮೆಯಾದರೂ ಸಲ್ಲದು: ದೆಹಲಿಯ ಏಮ್ಸ್‌ನಲ್ಲಿ ದಿನಕ್ಕೆ 450 ಮಿಲಿಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದಾಗ ಹುಸಿಮಾತ್ರೆಗಿಂತ ಹೆಚ್ಚಿನ ಫಲ ಕಾಣಲಿಲ್ಲ.

ಮೊನ್ನೆ ಅಕ್ಕನ ಅಡುಗೆಮನೆಯಲ್ಲಿ ತೂಗಿದೆವು. ಸಾಮಾನ್ಯ ಅರಿಸಿನದಲ್ಲಿ ಕರ್ಕ್ಯುಮಿನ್ ನೂರಕ್ಕೆ ಮೂರು ಪಾಲಿನ ಆಸುಪಾಸು. ಹಾಗಾಗಿ 3 ಗ್ರಾಂ ಬೇಕಾದರೆ ಪುಡಿ 100 ಗ್ರಾಂ. ಸ್ಟೀಲ್ ಬಟ್ಟಲು ತುಂಬುತ್ತ ಬಂತು. ಅವಳು ದಿನಾ ಹಾಲಿಗೆ ಹಾಕುತ್ತಿದ್ದದ್ದು ಅರ್ಧ ಚಮಚ. ಬಟ್ಟಲನ್ನೇ ಬಹಳ ಹೊತ್ತು ನೋಡಿದಳು. ಪುಡಿಯನ್ನು ಡಬ್ಬಿಗೆ ಮರಳಿ ಸುರಿದು, ಹಳದಿಯಾದ ಬೆರಳನ್ನು ಸೆರಗಿಗೆ ಒರೆಸುತ್ತ ಒಳಕೋಣೆಯ ಕಡೆ ಕೂಗಿದಳು: "ಮಾತ್ರೆ ತಗೊಂಡ್ಯೇನೋ?"