ಬೆಂಕಿಯ ಬೆಟ್ಟವೂ ಉರಿಯುವ ಆವಿಗೆಯೂ

ಓದತಕ್ಕ ವೇದಭಾಗ: ದಾನಿಯೇಲನ ಗ್ರಂಥ 3:13–18



ದೇವರು ಸೀನಾಯಿ ಬೆಟ್ಟದ ಮೇಲೆ ಇಳಿದು ಬಂದ ದಿವಸ ಆ ಬೆಟ್ಟವೆಲ್ಲಾ ಹೊಗೆಯಿಂದ ಮುಚ್ಚಿಹೋಗಿ ಕಂಪಿಸಿತೆಂದು ಮೋಶೆಯು ತಿಳಿಸುತ್ತಾನೆ. ಆ ಹೊಗೆಯನ್ನು ಅವನು ಹೋಲಿಸಿದ್ದು ಆವಿಗೆಯ ಹೊಗೆಗೆ. ಸೇಡಮ್, ಚಿತ್ತಾಪುರ, ವಾಡಿ, ಶಹಾಬಾದ ಸೀಮೆಯವರಾದ ನಮಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾದದ್ದಿಲ್ಲ. ಸುಣ್ಣದ ಭಟ್ಟಿಯನ್ನು ನೋಡುತ್ತಾ ಬೆಳೆದವರು ನಮ್ಮಲ್ಲಿ ಬಹು ಮಂದಿ. ಆದಿತ್ಯನಗರದಲ್ಲಿಯೂ ವಾಡಿಯಲ್ಲಿಯೂ ಸಿಮೆಂಟ್ ಗೂಡುಗಳ ಬಳಿ ದುಡಿದು ಮನೆ ನಡಿಸುವವರೂ ಉಂಟು. ಆದರೆ ಯಾರೂ ಹೊತ್ತಿಸದೆ ಉರಿಯುವ ಬೆಟ್ಟಗಳು ಲೋಕದಲ್ಲಿವೆ. ಅಂಥ ಒಂದು ಬೆಟ್ಟದ ಬಾಯೊಳಗೆ ಇಳಿದು ಹೋದ ಒಬ್ಬ ಸ್ತ್ರೀಯನ್ನು ಕುರಿತು ಈ ತಿಂಗಳು ಬರೆಯುತ್ತೇವೆ. ಜಾತ್ರೆಯ ಕಾಲ ಸಮೀಪಿಸಿದಾಗ ನಮ್ಮ ಮನೆಗಳಲ್ಲಿ ಮೆಲ್ಲನೆ ಎದ್ದುಬರುವ ಒಂದು ಭಯವೇ ಇದನ್ನು ಬರೆಯಲು ಕಾರಣ.

ಮೊದಲು ಬೆಟ್ಟದ ಮಾತು. ಭೂಮಿಯ ಆಳದಲ್ಲಿ ಕಾವಿನಿಂದ ಕರಗಿದ ಕಲ್ಲು, ತನ್ನೊಳಗಿನ ಹಬೆಯ ಒತ್ತಡದಿಂದ ಬಿರುಕುಗಳನ್ನು ಹಿಡಿದು ಮೇಲಕ್ಕೆ ಬರುವುದು. ಹೊರಬಿದ್ದ ಆ ಕಲ್ಲಿಗೆ ಲಾವಾ ಎಂದೂ, ಬೆಟ್ಟಕ್ಕೆ ಜ್ವಾಲಾಮುಖಿ ಎಂದೂ ಹೆಸರು. ಒಳಗಿನ ದ್ರವವು ಬರಿದಾದಾಗ ಮೇಲಿನ ನೆಲವು ಕುಸಿದು ದೊಡ್ಡ ಕುಣಿಗಳಾಗುವವು. ಹವಾಯಿ ದ್ವೀಪದ ಲಾವಾದ ಕಾವು ಸುಮಾರು 1,100ರಿಂದ 1,200 ಡಿಗ್ರಿ ಸೆಲ್ಸಿಯಸ್. ಸಿಮೆಂಟ್ ಗೂಡಿನಲ್ಲಿ ಕಲ್ಲು ಬೇಯುವ ಕಾವೋ ಸುಮಾರು 1,450 ಡಿಗ್ರಿ. ನಮ್ಮ ಊರ ಬೆಂಕಿಯೇ ಹೆಚ್ಚಿನದಾಯಿತಲ್ಲವೇ? ಆದರೂ ಅದಕ್ಕೆ ಹೆದರಿ ಯಾರೂ ಊರು ಬಿಡುವುದಿಲ್ಲ. ಹೊತ್ತಿಸುವವನೂ ಆರಿಸುವವನೂ ಯಾರೆಂಬದು ನಮಗೆ ಗೊತ್ತು.

ನಮ್ಮ ನೆಲಕ್ಕೂ ಈ ಬೆಂಕಿಯ ಪರಿಚಯವುಂಟು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ದಖ್ಖಣದ ಭೂಮಿ ಬಿರಿದು, ಲಾವಾ ಪದರದ ಮೇಲೆ ಪದರವಾಗಿ ಹರಿದು, ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಸೀಮೆಯನ್ನು ಹೊದಿಸಿಕೊಂಡಿದೆ. ಚಿಂಚೋಳಿಯ ಕಡೆಯ ಕರೀ ಕಲ್ಲು ಅದೇ. ಶಹಾಬಾದ ಫರ್ಸಿಯು ಅದಕ್ಕಿಂತಲೂ ಬಹಳ ಹಳೆಯದು. ಅದು ಸಮುದ್ರದ ಅಡಿಯಲ್ಲಿ ಕೂತ ಕೆಸರು ಗಟ್ಟಿಯಾದದ್ದು. (ಇಷ್ಟು ವರ್ಷಗಳ ಲೆಕ್ಕ ಕೇಳಿ ಕೆಲವು ಹಿರಿಯರು ಗಾಬರಿಪಡುವರು. ವರ್ಷಗಳು ಹೆಚ್ಚಿದರೆ ದೇವರು ಚಿಕ್ಕವನಾಗುವುದಿಲ್ಲವೆಂದು ಅವರಿಗೆ ಹೇಳುತ್ತೇವೆ.) ಆ ಕರೀ ಕಲ್ಲು ಬಿಸಿಲಿಗೂ ಮಳೆಗೂ ಸವೆದು ಪುಡಿಯಾಗಿ ಎರೆಮಣ್ಣಾಯಿತು. ನಾವು ತೊಗರಿ ಬಿತ್ತುವದು, ಬಿಳಿಜೋಳ ಬೆಳೆಯುವದು, ಸತ್ತವರನ್ನು ಹೂಣಿಡುವದು ಆರಿಹೋದ ಆ ಬೆಂಕಿಯಲ್ಲಿಯೇ.

ಆರದೆ ಇರುವ ಬೆಟ್ಟವನ್ನು ನೋಡುವುದಕ್ಕೆ ಈಗ ಜನರು ಹಣ ಕೊಟ್ಟು ಹೋಗುತ್ತಾರೆ. ಅಂಡಮಾನಿನ ಬ್ಯಾರನ್ ದ್ವೀಪದ ಜ್ವಾಲಾಮುಖಿಯು 1991ರಲ್ಲಿ ಪುನಃ ಎದ್ದಿತು. ಅದನ್ನು ಹಡಗಿನಿಂದಲೇ ನೋಡಿ ಹಿಂದಿರುಗುವರು. ಹವಾಯಿಯ ಕಿಲಾವೇಯಾ ಬೆಟ್ಟವಿರುವ ಸ್ಥಳವು 1916ರಿಂದ ರಾಷ್ಟ್ರೀಯ ಉದ್ಯಾನವಾಗಿದೆ. ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನರು ಕುಣಿಯ ಅಂಚಿನಲ್ಲಿ ನಿಂತು ನೋಡಿ ಬೆರಗಾಗುವರು. ದೇವರ ಕೈಕೆಲಸವನ್ನು ನೋಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಬೆಟ್ಟವು ತಮಾಷೆಯಲ್ಲ: 2018ರಲ್ಲಿ ಅದರ ಲಾವಾ 700ಕ್ಕೂ ಹೆಚ್ಚು ಕಟ್ಟಡಗಳನ್ನು ನುಂಗಿತು.

ನಾವು ಹೇಳುವ ಸ್ತ್ರೀಯು ಅಲ್ಲಿಗೆ ಹೋದಾಗ ಕಾವಲುಗಾರರೂ ಇರಲಿಲ್ಲ, ಕಟಕಟೆಯೂ ಇರಲಿಲ್ಲ. ಆಕೆಯ ಹೆಸರು ಕಪಿಯೋಲಾನಿ, ಹವಾಯಿಯ ಪ್ರಭುವಂಶದವಳು. ಕ್ರೈಸ್ತ ಮಿಷನೆರಿಗಳು ಆ ದ್ವೀಪಗಳಿಗೆ ಬಂದದ್ದು 1820ರಲ್ಲಿ. ಆ ಬೆಟ್ಟದಲ್ಲಿ ಪೇಲೆ ಎಂಬ ದೇವಿಯು ವಾಸಿಸುತ್ತಾಳೆಂದೂ, ಅಲ್ಲಿ ಬೆಳೆಯುವ ಓಹೆಲೋ ಎಂಬ ಕೆಂಪು ಹಣ್ಣನ್ನು ಮೊದಲು ಆಕೆಗೆ ಅರ್ಪಿಸದೆ ತಿಂದವನು ಉಳಿಯನೆಂದೂ ಜನರ ನಂಬಿಕೆ. 1824ರ ಡಿಸೆಂಬರಿನಲ್ಲಿ ಕಪಿಯೋಲಾನಿ ತನ್ನ ಪರಿವಾರದೊಡನೆ ಸುಮಾರು 100 ಮೈಲಿ ದಾರಿಯನ್ನು ಪ್ರಯಾಣಮಾಡಿ, ಕಪ್ಪು ಕಲ್ಲಿನ ಮೇಲೆ ನಡೆದು, ಅಲ್ಲಿಗೆ ಹೋದಳು. ದಾರಿಯುದ್ದಕ್ಕೂ ಜನರು ಬೇಡಿಕೊಂಡರು. ದೇವಿಯ ಪೂಜಾರ್ತಿಯೊಬ್ಬಳು ಎದುರಾಗಿ, ಮುಂದೆ ಹೋದರೆ ಸಾಯುವಿ ಎಂದಳು. ಆಕೆಯು ನಿಲ್ಲಲಿಲ್ಲ. ಅಂಚಿನ ಬಳಿ ಗುಡ್ರಿಚ್ ಎಂಬ ಮಿಷನೆರಿಯು ಆಕೆಯನ್ನು ಸಂಧಿಸಿದನು. ಆಕೆಯು ಅರ್ಪಿಸದೆಯೇ ಆ ಹಣ್ಣುಗಳನ್ನು ತಿಂದು, ನೂರಾರು ಅಡಿ ಕುಣಿಯೊಳಗೆ ಇಳಿದು, ಕೆಳಗಿನ ಬೆಂಕಿಯ ಕಡೆಗೆ ಕಲ್ಲುಗಳನ್ನು ಎಸೆದು, ಈ ಬೆಂಕಿಯನ್ನು ಹೊತ್ತಿಸಿದಾತನು ಯೆಹೋವನೆಂದು ತನ್ನವರಿಗೆ ಸಾರಿದಳು. ಬಳಿಕ ಅಲ್ಲಿಯೇ ಪ್ರಾರ್ಥನೆ ಮಾಡಿ, ಕೀರ್ತನೆ ಹಾಡಿ, ಎಲ್ಲರೂ ಸುಕ್ಷೇಮವಾಗಿ ಮೇಲಕ್ಕೆ ಬಂದರು.

ಕಲ್ಲೆಸೆದ ವಿಷಯದಲ್ಲಿ ಒಂದು ಮಾತು. ಅದು ಆಕೆಯ ಜನರು, ಆಕೆಯ ದ್ವೀಪ, ಆಕೆಯ ಅಧಿಕಾರ. ನಮ್ಮ ಯೌವನಸ್ಥರು ಇದನ್ನು ಓದಿ ನೆರೆಯವರ ಗುಡಿಯ ಮುಂದೆ ಒಂದು ಬಿರುನುಡಿಯನ್ನಾದರೂ ಆಡಲಾಗದು. ಎಫೆಸ ಪಟ್ಟಣದ ಯಜಮಾನನು ಪೌಲನ ಜೊತೆಗಾರರ ವಿಷಯವಾಗಿ, ಇವರು ನಮ್ಮ ದೇವಿಯನ್ನು ದೂಷಿಸಿದವರಲ್ಲವೆಂದು ತಾನೇ ಸಾಕ್ಷಿ ಕೊಟ್ಟನು. ಅಂಥ ಸಾಕ್ಷಿಯನ್ನು ನಮ್ಮ ನೆರೆಯವರಿಂದ ಹೊಂದುವುದೇ ನಮಗೆ ಮಾನ.

ಈ ಕಥೆಯನ್ನು ಅನೇಕ ಪ್ರಸಂಗಿಗಳು ಇಲ್ಲಿಗೇ ನಿಲ್ಲಿಸುತ್ತಾರೆ: ಆಕೆಯು ಸುಟ್ಟುಹೋಗಲಿಲ್ಲ, ಆದಕಾರಣ ನಮ್ಮ ದೇವರೇ ಸತ್ಯನು ಎನ್ನುತ್ತಾರೆ. ಈ ತರ್ಕವನ್ನು ನಾವು ಒಪ್ಪುವುದಿಲ್ಲ. ಸುಡದಿದ್ದದ್ದೇ ರುಜುವಾತಾದರೆ, ಸುಟ್ಟ ದಿವಸ ಏನು ಹೇಳೋಣ? 1902ರ ಮೇ 8ರಂದು ಮಾರ್ಟಿನೀಕ್ ದ್ವೀಪದ ಪೆಲೇ ಎಂಬ ಬೆಟ್ಟವು ಸಿಡಿದು, ಸುಡುವ ಅನಿಲವೂ ಬೂದಿಯೂ ಕೆಲವೇ ನಿಮಿಷಗಳಲ್ಲಿ ಸೇಂಟ್ ಪಿಯೇರ್ ಪಟ್ಟಣವನ್ನು ಮುಚ್ಚಿದವು. ಸತ್ತವರು ಸುಮಾರು 28,000. ಅದು ಕ್ರೈಸ್ತರ ಪಟ್ಟಣ. ಆ ದಿವಸವು ನಮ್ಮ ಕರ್ತನು ಪರಲೋಕಕ್ಕೆ ಏರಿಹೋದದ್ದನ್ನು ಸ್ಮರಿಸುವ ಹಬ್ಬದ ದಿವಸ. ಪಟ್ಟಣದಲ್ಲಿ ಉಳಿದವರು ಬೆರಳೆಣಿಕೆಯವರು. ಅವರಲ್ಲಿ ಒಬ್ಬನು ಸೆರೆಮನೆಯ ದಪ್ಪ ಗೋಡೆಯ ಕೋಣೆಯಲ್ಲಿದ್ದ ಕೈದಿ. ಅವನು ಹಬ್ಬ ಮಾಡುವವರಿಗಿಂತ ನೀತಿವಂತನಾಗಿದ್ದನೆಂದು ಯಾರು ಹೇಳಾರು? ಸಿಲೋವದ ಗೋಪುರವು ಬಿದ್ದು ಸತ್ತ ಹದಿನೆಂಟು ಮಂದಿಯ ವಿಷಯದಲ್ಲಿ ಕರ್ತನು ಈ ಬಗೆಯ ಲೆಕ್ಕವನ್ನು ಒಪ್ಪಲಿಲ್ಲ.

ಹಾಗಾದರೆ ದಾನಿಯೇಲನ ಗ್ರಂಥದ ಆ ಮೂವರು ಯೌವನಸ್ಥರನ್ನು ನೋಡಿರಿ. ನಮ್ಮ ದೇವರು ಬಿಡಿಸಬಲ್ಲನು ಎಂದು ಅವರು ಅರಸನಿಗೆ ಹೇಳಿದರು. ಬಿಡಿಸದೆ ಹೋದರೂ ನಾವು ನಿನ್ನ ಬೊಂಬೆಗೆ ಅಡ್ಡಬೀಳುವುದಿಲ್ಲವೆಂದೂ ಹೇಳಿದರು. ಆ ಎರಡನೆಯ ಮಾತನ್ನು ಆಡಿದಾಗ ಅವರು ಇನ್ನೂ ಆವಿಗೆಯ ಹೊರಗಿದ್ದರು. ಒಳಗೆ ನಾಲ್ಕನೆಯವನೊಬ್ಬನು ತಮ್ಮೊಂದಿಗೆ ತಿರುಗಾಡುವನೆಂದು ಅವರಿಗೆ ತಿಳಿದಿರಲಿಲ್ಲ. ಅವರ ನಂಬಿಕೆಯು ತಾಯಿತವಾಗಿರಲಿಲ್ಲ. ತಾಯಿತವಾದರೆ ಫಲ ಕೊಡದ ದಿವಸ ಬಿಚ್ಚಿ ಬಿಸಾಡಬಹುದು.

ಕಪಿಯೋಲಾನಿಯ ಜೀವನದ ಉಳಿದ ಭಾಗವನ್ನೂ ಕೇಳಿರಿ. ಬೆಟ್ಟದಿಂದ ಇಳಿದು ಹದಿನಾರು ವರ್ಷಗಳಾದ ಮೇಲೆ ಆಕೆಯ ಎದೆಯಲ್ಲಿ ಕ್ಯಾನ್ಸರ್ ರೋಗವು ಕಾಣಿಸಿಕೊಂಡಿತ್ತು. ನೋವು ತಿಳಿಯದಂತೆ ಮಾಡುವ ಔಷಧವು ಇನ್ನೂ ಬಳಕೆಗೆ ಬಾರದ ಕಾಲವದು. ಮಿಷನ್ನಿನ ವೈದ್ಯನು ಆಕೆಗೆ ಎಚ್ಚರವಿರುವಾಗಲೇ ಶಸ್ತ್ರಚಿಕಿತ್ಸೆ ಮಾಡಿದನು. ಆಕೆಯು ತಾಳಿಕೊಂಡಳು, ಆದರೆ ಬಳಿಕ ಬೇರೊಂದು ಸೋಂಕು ತಗಲಿ 1841ರಲ್ಲಿ ತೀರಿಕೊಂಡಳು. ಕುಣಿಯಿಂದ ಮೇಲಕ್ಕೆ ತಂದ ದೇವರು ಹಾಸಿಗೆಯಿಂದ ಏಳಿಸಲಿಲ್ಲ. ಪೇಲೆಯು ತಡವಾಗಿ ಸೇಡು ತೀರಿಸಿದಳೋ ಎಂದು ಆಕೆಯು ಹಿಂದಿರುಗಿ ನೋಡಲಿಲ್ಲ.

ಈಗ ನಮ್ಮ ಮನೆಗಳ ಮಾತು. ಊರಲ್ಲಿ ಜಾತ್ರೆಗೆ ಪಟ್ಟಿ ಎತ್ತುವ ವಾರದಲ್ಲಿಯೇ ಕೂಸಿಗೆ ಜ್ವರ ಬರುತ್ತದೆ, ಇಲ್ಲವೆ ಎಮ್ಮೆ ಹಾಲು ಬತ್ತುತ್ತದೆ. ಅತ್ತೆಯು, ದೊಡ್ಡಪ್ಪನು, ನೆರೆಮನೆಯ ಅವ್ವನು ಬಂದು, ಹಳೆಯದನ್ನು ಬಿಟ್ಟದ್ದಕ್ಕೆ ಇದಾಯಿತು, ಒಂದು ಕಾಯಿಯಾದರೂ ಒಡಿಸು ಎನ್ನುವರು. ಅವರು ಹೇಳುವುದು ದ್ವೇಷದಿಂದಲ್ಲ, ಕೂಸಿನ ಮೇಲಣ ಪ್ರೀತಿಯಿಂದ. ಅವರ ಮೇಲೆ ಸಿಟ್ಟು ಮಾಡಬೇಡಿರಿ. ಕೂಸು ನಾಳೆಯೇ ಎದ್ದು ಆಡುವದು, ಆಗ ನಮ್ಮ ದೇವರ ಬಲ ನೋಡಿರಿ ಎಂದು ಪಂಥ ಕಟ್ಟಲೂ ಬೇಡಿರಿ. ಕೂಸನ್ನು ಆ ದಿವಸವೇ ಸರಕಾರೀ ದವಾಖಾನೆಗೆ ಒಯ್ಯಿರಿ. ಸಾಯಂಕಾಲದ ತನಕ ಕಾಯಬೇಡಿರಿ. ಪ್ರಾರ್ಥನೆಯನ್ನು ದಾರಿಯಲ್ಲಿಯೂ ಮಾಡಬಹುದು. ರಾತ್ರಿ ಕಂಡ ಕೂಡಲೆ ಹೆದರಿಕೆಯು ದೊಡ್ಡದಾಗುವುದುಂಟು. ಆಗ ಒಬ್ಬರೇ ಕೂತಿರದೆ ಸಭೆಯ ಹಿರಿಯರಿಗೆ ಹೇಳಿಕಳುಹಿಸಿರಿ. ಎಷ್ಟು ಹೊತ್ತಾಗಿದ್ದರೂ ನಾವು ಬಂದು ನಿಮ್ಮ ಸಂಗಡ ಬೆಳಗಿನ ವರೆಗೆ ಕೂಡುವೆವು. ದವಾಖಾನೆಗೆ ಹೋಗುವ ಗಾಡಿಯ ಬಾಡಿಗೆ ಕಡಿಮೆಬಿದ್ದರೆ ಕಾಣಿಕೆಯ ಪೆಟ್ಟಿಗೆಯಿಂದ ಕೊಡಿಸುವೆವು.