ಎರಡು ಸಾರಿ ಕೇಳಿದ ಗಿದ್ಯೋನನು

ಗಿದ್ಯೋನನು ಕಣದಲ್ಲಿ ಕುರಿಯ ಉಣ್ಣೆಯನ್ನಿಟ್ಟ ಸಂಗತಿಯನ್ನು ನ್ಯಾಯಸ್ಥಾಪಕರು ಎಂಬ ಗ್ರಂಥದ 6ನೆಯ ಅಧ್ಯಾಯದಲ್ಲಿ ನೀವು ಓದಿದ್ದೀರಿ. ಮೊದಲನೆಯ ರಾತ್ರಿ ಉಣ್ಣೆ ಮಾತ್ರ ನೆನೆದು ನೆಲವು ಒಣಗಿತ್ತು. ಆದರೂ ಅವನ ಮನಸ್ಸು ನಿಲ್ಲಲಿಲ್ಲ. ಕೋಪಿಸಬಾರದೆಂದು ಬೇಡಿಕೊಂಡು ಅದೇ ಉಣ್ಣೆಯಿಂದ ಮರಳಿ ಕೇಳಿದನು. ದೇವರು ಅವನನ್ನು ಗದರಿಸದೆ ಎರಡನೆಯ ಸಾರಿಯೂ ಉತ್ತರ ಕೊಟ್ಟನು.

ನಮ್ಮ ಸಭೆಯ ಒಬ್ಬ ತಾಯಿಗೆ ಕಳೆದ ಮಳೆಗಾಲದಲ್ಲಿ ಕೊರಳಿನ ಮುಂದೆ ಒಂದು ಗಂಟು ಕಾಣಿಸಿತು. ಏನನ್ನಾದರೂ ನುಂಗುವಾಗ ಅದು ಮೇಲಕ್ಕೆ ಏರುತ್ತಿತ್ತು. ಥೈರಾಯ್ಡ್ ಗ್ರಂಥಿಯ ಗಂಟೆಂದು ಪಟ್ಟಣದ ವೈದ್ಯರು ತಿಳಿಸಿ, ಸಣ್ಣ ಸೂಜಿಯಿಂದ ಅದರೊಳಗಿನ ಜೀವಕೋಶಗಳನ್ನು ತೆಗೆದು, ಗಾಜಿನ ಮೇಲೆ ಸವರಿ ಪರೀಕ್ಷೆಗೆ ಕಳುಹಿಸಿದರು. ಹನ್ನೆರಡು ದಿನ ಕಾದ ಮೇಲೆ ಬಂದ ಕಾಗದದಲ್ಲಿ ಒಳ್ಳೆಯದೆಂದೂ ಇರಲಿಲ್ಲ, ಕೆಟ್ಟದ್ದೆಂದೂ ಇರಲಿಲ್ಲ. ನಿಶ್ಚಯವಾಗಿ ಹೇಳಲಾಗದು ಎಂದಿತ್ತು. ಬೇರೊಬ್ಬ ವೈದ್ಯರಿಗೆ ತೋರಿಸಲೋ ಎಂದು ಆಕೆ ಕೇಳಿದಾಗ ನಾವು, "ಅಮ್ಮಾ, ಪ್ರಾರ್ಥಿಸಿದ ಮೇಲೆ ಇನ್ನೊಬ್ಬರು ಯಾಕೆ? ಇದು ಅವಿಶ್ವಾಸವಲ್ಲವೇ?" ಅಂದೆವು. ಆಕೆ ಏನೂ ಹೇಳದೆ ಸೆರಗಿನಿಂದ ಕೊರಳನ್ನು ಮುಚ್ಚಿಕೊಂಡು ಹೋದಳು.

ನಾವು ತಪ್ಪಾಗಿ ಮಾತಾಡಿದೆವು. ಇಂಥ ಗಂಟುಗಳಲ್ಲಿ 10ಕ್ಕೆ ಸುಮಾರು 9 ಕ್ಯಾನ್ಸರಲ್ಲ. 2007ರಲ್ಲಿ ಪರಿಣತರು ಅಮೇರಿಕದ ಬೆಥೆಸ್ದಾ ಎಂಬ ಊರಿನಲ್ಲಿ ಕೂಡಿ ಚರ್ಚಿಸಿದ ಮೇಲೆ, ಈ ಪರೀಕ್ಷೆಯ ಫಲವನ್ನು 6 ವರ್ಗಗಳಾಗಿ ಬರೆಯುವ ಕ್ರಮವು ಬಂತು. (38 ವರ್ಷ ರೋಗಿಯಾಗಿದ್ದವನು ಬಿದ್ದಿದ್ದ ಕೊಳದ ಹೆಸರೇ ಆ ಊರಿಗೂ ಬಂದದೆ!) ಮೂರನೆಯ ವರ್ಗವು ಸಂಶಯದ್ದು. ಆಗ ಸೂಜಿಯ ಪರೀಕ್ಷೆಯನ್ನು ಮರಳಿ ಮಾಡುವದು, ಅದೇ ಗಾಜನ್ನು ಬೇರೆ ಪರಿಣತರಿಗೆ ತೋರಿಸುವದು ವೈದ್ಯರೇ ಒಪ್ಪುವ ಮಾರ್ಗ. ಕ್ಯಾನ್ಸರಾಗಿದ್ದರೂ ಹೆಚ್ಚಿನವು ಮೆಲ್ಲಗೆ ಬೆಳೆಯುವದರಿಂದ ಕೆಲವು ವಾರ ಕಾಯುವದು ಸಾಮಾನ್ಯವಾಗಿ ಅಪಾಯವಲ್ಲ. ಆದರೆ ಸ್ವರವು ಒಡೆದರೆ, ಉಸಿರು ಕಟ್ಟಿದರೆ, ಗಂಟು ಬೇಗನೆ ದೊಡ್ಡದಾದರೆ ಕೂಡಲೆ ಆಸ್ಪತ್ರೆಗೆ ಹೋಗಬೇಕು.

ಅಹಾಬನು ಕೇಳಿದ ರೀತಿಯೇ ಬೇರೆ. ಸುಮಾರು 400 ಮಂದಿ ಪ್ರವಾದಿಗಳಿಂದ ತನಗೆ ಹಿತವಾದದ್ದನ್ನು ಕೇಳಿಸಿಕೊಂಡು, ಮೀಕಾಯೆಹು ಒಬ್ಬನೇ ಸತ್ಯವನ್ನು ನುಡಿದಾಗ ಅವನನ್ನು ಸೆರೆಗೆ ಹಾಕಿಸಿದನು. ಆ ತಾಯಿಯ ಮನೆಗೂ ಸೊಪ್ಪಿನ ಲೇಪ ತಂದವರು ಬಂದರು, ಗಂಟನ್ನು ಕರಗಿಸುವೆನೆಂದು ಹಣ ಕೇಳಿದವನೂ ಬಂದನು. ಕಿವಿಗೆ ಇಂಪಾದ ಮಾತು ಸಿಕ್ಕುವ ತನಕ ಬಾಗಿಲಿಂದ ಬಾಗಿಲಿಗೆ ಹೋಗುವದು ಗಿದ್ಯೋನನ ಕೆಲಸವಲ್ಲ. ಅವನು ಉತ್ತರ ಸಿಕ್ಕಿದ ಮೇಲೆ ಎದ್ದು ಹೊರಟನು.

ನಾವು ಆಕೆಯ ಮನೆಗೆ ಹೋಗಿ ಕ್ಷಮೆ ಕೇಳಿದೆವು. "ಅಯ್ಯನವರೇ, ಸಾವಿನ ಭಯಕ್ಕಿಂತಲೂ ದೇವರಿಗೆ ಬೇಸರ ಮಾಡಿದೆನೋ ಎಂಬ ಭಯವೇ ನನಗೆ ಹೆಚ್ಚಾಗಿತ್ತು" ಅಂದಳು. ಗಾಜುಗಳು ಎರಡನೆಯ ಪರೀಕ್ಷಕರ ಬಳಿಗೆ ಹೋಗಿ ಒಂಬತ್ತು ದಿನವಾಯಿತು. ಇದನ್ನು ಬರೆಯುವಾಗ ಉತ್ತರ ಬಂದಿಲ್ಲ. ನಿದ್ರೆ ಬಾರದ ರಾತ್ರಿಗಳಲ್ಲಿ ಆಕೆ ದೀಪ ಹಚ್ಚಿ ಮೊಮ್ಮಗನ ಅಂಗಿಗಳಿಗೆ ಗುಂಡಿ ಹೊಲಿಯುತ್ತಾಳಂತೆ. ಗುರುವಾರ ಬೆಳಗಿನ ಮೊದಲನೆಯ ಬಸ್ಸಿನಲ್ಲಿ ನಾವೂ ಆಕೆಯ ಸಂಗಡ ಪಟ್ಟಣಕ್ಕೆ ಹೋಗುವೆವು.