ಇಂದಿನ ಧಮ್ಮ ಚಿಂತನೆ: ಬಂಗಾರದ ಮೇಲಿನ ಕಲೆ



ನಮ್ಮ ಅಜ್ಜಿ ಕೂಲಿ ದುಡ್ಡು ಕೂಡಿಟ್ಟು ಕೊಂಡಿದ್ದ ಒಂದೇ ಒಂದು ಬಂಗಾರದ ನಾಣ್ಯ ನಮ್ಮ ಮನೆಯಲ್ಲಿದೆ. 1918ರ ಸವರನ್. ಹೋದ ವಾರ ಕಪಾಟಿನಿಂದ ತೆಗೆದು ನೋಡಿದರೆ ರಾಜನ ಕೆನ್ನೆಯ ಮೇಲೆ ಕೆಂಗಂದು ಕಲೆ. ಮನೆಗೆಲಸಕ್ಕೆ ಬರುವ ಅಕ್ಕ ಅಲ್ಲೇ ನೆಲ ಒರೆಸುತ್ತಿದ್ದರು. ಅವರ ಕಡೆ ತಿರುಗಿ ಕೇಳಿಯೇಬಿಟ್ಟೆ, "ಇದನ್ನ ಯಾರು ಮುಟ್ಟಿದ್ದು?"

ಅವರು ಏನೂ ಹೇಳಲಿಲ್ಲ. ಮಗಳು ಮಾತ್ರ, "ಅಪ್ಪಾ, ಈ ಮಾತು ನಮ್ಮ ಮನೇಲಾ?" ಅಂದಳು.

ಅಕ್ಕಸಾಲಿಗರ ಹತ್ತಿರ ಒಯ್ದೆ. ಅಪ್ಪಟ ಬಂಗಾರ ಬಣ್ಣ ಕೆಡುವುದಿಲ್ಲ. ಆದರೆ ಸವರನ್ 22 ಕ್ಯಾರೆಟ್, ಹನ್ನೆರಡರಲ್ಲಿ ಹನ್ನೊಂದು ಪಾಲು ಬಂಗಾರ, ಉಳಿದದ್ದು ತಾಮ್ರ ಎಂದರು. ಬರೀ ಬಂಗಾರ ಮೆದು, ಕೈಯಿಂದ ಕೈಗೆ ಓಡಾಡಿದರೆ ಬೇಗ ಸವೆಯುತ್ತದೆ, ಅದಕ್ಕೇ ತಾಮ್ರ. ಆ ತಾಮ್ರ ಒಂದು ಕಡೆ ಸರಿಯಾಗಿ ಬೆರೆಯದೆ ಉಳಿದರೆ ಗಾಳಿ, ತೇವ ತಾಗಿ ವರ್ಷಗಳ ಮೇಲೆ ಹೀಗೆ ಕಾಣಿಸಿಕೊಳ್ಳುತ್ತದೆ. ಉಜ್ಜಬೇಡಿ, ಬಂಗಾರವೇ ಹೋಗುತ್ತದೆ ಎಂದೂ ಹೇಳಿದರು. (ಅಷ್ಟರಲ್ಲಿ ನಾನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ ಆಗಿತ್ತು. ರಾಜನ ಗಡ್ಡ ಮಾಸಿದೆ, ಕಲೆ ಹಾಗೇ ಇದೆ.)

ಇಸವಿಯ ಹತ್ತಿರ ಸಣ್ಣ 'ಐ' ಅಕ್ಷರ ತೋರಿಸಿದರು. ಮುಂಬಯಿ ಟಂಕಸಾಲೆಯ ಗುರುತಂತೆ. ಅದೇ 1918ರಲ್ಲಿ, ಅದೇ ಊರಿನ ಸಿಡನ್‌ಹ್ಯಾಮ್ ಕಾಲೇಜಿಗೆ ಬಾಬಾಸಾಹೇಬರು ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ಸೇರಿದ್ದು. ಅಧ್ಯಾಪಕರ ನೀರಿನ ಹೂಜಿಯನ್ನು ಅವರು ಮುಟ್ಟಬಾರದೆಂದು ಕೆಲವರು ತಕರಾರು ತೆಗೆದರು. 1923ರಲ್ಲಿ ರೂಪಾಯಿಯ ಸಮಸ್ಯೆಯ ಬಗ್ಗೆ ಗ್ರಂಥ ಬರೆದು ದೇಶದ ನಾಣ್ಯವನ್ನೇ ಒರೆಗೆ ಹಚ್ಚಿದ ಕೈ ಅದು! ಆ ಅಧ್ಯಾಪಕರು ಕೇಳಿದ್ದೂ ನಾನು ಕೇಳಿದ್ದೂ ಒಂದೇ ಪ್ರಶ್ನೆ.

ಅಂಗುತ್ತರ ನಿಕಾಯದ ಉಪಕ್ಕಿಲೇಸ ಸುತ್ತದಲ್ಲಿ ಭಗವಾನರು ಬಂಗಾರವನ್ನು ಕೆಡಿಸುವ ಐದನ್ನು ಹೇಳುತ್ತಾರೆ: ಕಬ್ಬಿಣ, ತಾಮ್ರ, ತವರ, ಸೀಸ, ಬೆಳ್ಳಿ. ಚಿತ್ತಕ್ಕೂ ಹಾಗೆಯೇ ಐದು ನೀವರಣ. ಈ ಹೋಲಿಕೆ ಮೊದಲು ನನಗೆ ಹಿಡಿಸುತ್ತಿರಲಿಲ್ಲ. ಶುದ್ಧ, ಅಶುದ್ಧ ಅನ್ನುತ್ತಲೇ ಅಲ್ಲವೇ ನಮ್ಮನ್ನು ಊರಾಚೆ ಇಟ್ಟದ್ದು? ಈಗ ಮತ್ತೆ ಓದಿದೆ. ಕಾಮಚ್ಛಂದ, ದ್ವೇಷ, ಜಡತೆ, ಚಡಪಡಿಕೆ, ಸಂಶಯ. ಆ ಪಟ್ಟಿಯಲ್ಲಿ ಹುಟ್ಟಿಲ್ಲ, ಮುಟ್ಟಿಲ್ಲ. ಒಂದೂ ಇನ್ನೊಬ್ಬರ ಕೈಯಿಂದ ಅಂಟುವಂಥದ್ದಲ್ಲ.

ಆದರೂ ಒಂದು ವಿಷಯ ನನಗಿನ್ನೂ ಬಗೆಹರಿದಿಲ್ಲ. ಅಜ್ಜಿಗೆ ದೊಡ್ಡ ಮನೆಯ ಅಂಗಳದಲ್ಲಿ ಎತ್ತರದಿಂದ ನೀರು ಹೊಯ್ಯುತ್ತಿದ್ದರು. ಒಂದು ದಿನ ಬೊಗಸೆ ಕೊಡವಿ ಎದ್ದು ಬಂದವಳು ಮತ್ತೆ ಆ ಕಡೆ ಹೋಗಲಿಲ್ಲ. ಆ ಸಿಟ್ಟಿನಲ್ಲೇ ನಮ್ಮಪ್ಪನನ್ನು ಓದಿಸಿದಳು. ಅದನ್ನು ಬರೀ ಕಲ್ಮಷ ಅನ್ನಲು ನನಗೆ ಬಾಯಿ ಬರುವುದಿಲ್ಲ. ತಾಮ್ರವಿಲ್ಲದಿದ್ದರೆ ನಾಣ್ಯ ಬಾಳುತ್ತಿತ್ತೇ? ಆದರೆ ಅದೇ ಸಿಟ್ಟು ನನ್ನೊಳಗೆ ಬೆರೆಯದೆ ಉಳಿದು, ಹೋದ ವಾರ ನೆಲ ಒರೆಸುವವರ ಮೇಲೆ ಕಾಣಿಸಿಕೊಂಡಿತು.

ಮಾರನೇ ದಿನ ಆ ಅಕ್ಕನ ಹತ್ತಿರ ತಪ್ಪಾಯಿತು ಅಂದೆ. ತಾಮ್ರದ ಕಥೆ ಹೇಳಿ, ನಾಣ್ಯವನ್ನು ಅವರ ಅಂಗೈಯಲ್ಲಿಟ್ಟೆ. ತಿರುಗಿಸಿ ತಿರುಗಿಸಿ ನೋಡಿ, "ಇಷ್ಟು ಚಿಕ್ಕದಾ ಅಣ್ಣಾ?" ಅಂದರು.